ಸಾವಿನ ಸುದ್ದಿ ಬಂದ ಮನೆಯಲ್ಲಿ ಕಾರಿನ ಕೀ ಯಾರ ಕೈಯಲ್ಲಿರಬೇಕು?

ಕಾಸರಗೋಡು ಕಡೆಯ ಮನೆಗಳಿಗೆ ದೊಡ್ಡ ಆಸ್ಪತ್ರೆಯೆಂದರೆ ಹೆಚ್ಚಾಗಿ ಮಂಗಳೂರು. ಮಂಜೇಶ್ವರದವರಾಗಲಿ ಮುಳ್ಳೇರಿಯದವರಾಗಲಿ, ಕಾಯಿಲೆ ಜೋರಾದರೆ ಗಡಿ ದಾಟುವುದೇ ರೂಢಿ. ಹಾಗಾಗಿ "ಸ್ವಲ್ಪ ಸೀರಿಯಸ್ ಉಂಟು, ಬೇಗ ಬನ್ನಿ" ಎಂಬ ಫೋನು ಬಂದಾಗ ಮನೆಯವರ ಮುಂದೆ ಇಪ್ಪತ್ತರಿಂದ ಎಪ್ಪತ್ತು ಕಿಲೋಮೀಟರ್ ರಸ್ತೆ ಇರುತ್ತದೆ. ಎಷ್ಟೋ ಸಲ ಅದು ನಡುರಾತ್ರಿ. ಮಳೆಗಾಲವಾದರೆ ಮಳೆಯೂ ಸೇರಿಕೊಳ್ಳುತ್ತದೆ. ಆ ಹೊತ್ತಿಗೆ ಕೀ ಹಿಡಿದುಕೊಂಡು ಮೊದಲು ಅಂಗಳಕ್ಕಿಳಿಯುವವರು ಮಗನೋ ಮಗಳೋ ಗಂಡನೋ ಆಗಿರುತ್ತಾರೆ. ಆ ಮನೆಯಲ್ಲಿ ಆ ಗಳಿಗೆಯಲ್ಲಿ ಗಾಡಿ ಬಿಡಬಾರದವರು ಯಾರಾದರೂ ಇದ್ದರೆ ಅವರೇ.

ಈ ಬರಹ ಅವರಿಗಿಂತ ಹೆಚ್ಚಾಗಿ ಅವರ ಸುತ್ತ ನಿಂತವರಿಗೆ: ಭಾವನಿಗೆ, ಅತ್ತಿಗೆಗೆ, ಚಿಕ್ಕಪ್ಪನಿಗೆ, ನೆರೆಕರೆಯವರಿಗೆ. ದುಃಖ ಬಡಿದಾಗ ತಾನು ಗಾಡಿ ಬಿಡುವ ಸ್ಥಿತಿಯಲ್ಲಿದ್ದೇನೋ ಇಲ್ಲವೋ ಎಂದು ಅಳೆಯುವ ಶಕ್ತಿಯೇ ಮೊದಲು ಹೋಗುತ್ತದೆ. "ನನಗೇನೂ ಆಗಿಲ್ಲ, ನಾನೇ ಬಿಡ್ತೇನೆ" ಎಂದು ಅವರು ಹೇಳುವುದು ಸುಳ್ಳಲ್ಲ, ಅವರಿಗೆ ಹಾಗೆಯೇ ಅನಿಸುತ್ತಿರುತ್ತದೆ. ಆದ್ದರಿಂದ ಕೀ ತೆಗೆದುಕೊಳ್ಳುವ ತೀರ್ಮಾನವನ್ನು ಅವರಿಗೆ ಬಿಡಬಾರದು.

ಅಪಾಯ ಎಷ್ಟು ಎಂಬುದಕ್ಕೆ ಲೆಕ್ಕವೇ ಇದೆ. ಅಮೆರಿಕದ ವರ್ಜೀನಿಯಾ ಟೆಕ್‌ನ ಸಂಶೋಧಕರು 3,500ಕ್ಕೂ ಹೆಚ್ಚು ಚಾಲಕರ ಕಾರುಗಳಲ್ಲಿ ಕ್ಯಾಮೆರಾ, ಸೆನ್ಸರ್ ಇಟ್ಟು ಕಲೆಹಾಕಿದ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋಡಿದರೆ ಗೊತ್ತಾಗುವಷ್ಟು ಸಿಟ್ಟು, ದುಃಖ, ಅಳು, ತಳಮಳ ಇದ್ದಾಗ ಅಪಘಾತದ ಸಂಭವ ಸುಮಾರು 9.8 ಪಟ್ಟು ಏರಿತ್ತು. ಅದೇ ಅಧ್ಯಯನದಲ್ಲಿ ಮೊಬೈಲನ್ನು ಕೈಯಲ್ಲಿ ಹಿಡಿದು ಬಳಸುವಾಗಿನ ಅಪಾಯ 3.6 ಪಟ್ಟು. ಮೊಬೈಲ್ ಹಿಡಿದು ಗಾಡಿ ಬಿಡುವವನನ್ನು ನಾವು ಗದರುತ್ತೇವೆ. ಅಳುತ್ತಾ ಗಾಡಿ ಬಿಡುವವನನ್ನು "ಜಾಗ್ರತೆ ಹೋಗು" ಎಂದು ಕಳುಹಿಸಿಕೊಡುತ್ತೇವೆ.

ಅಳು ಇಲ್ಲದಿದ್ದರೂ ಸಾಲದು. ಫ್ರಾನ್ಸಿನ ಬೋರ್ಡೋ ನಗರದ ಆಸ್ಪತ್ರೆಗೆ ಅಪಘಾತದಲ್ಲಿ ಗಾಯಗೊಂಡು ಬಂದ 955 ಚಾಲಕರನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮನಸ್ಸು ತೀವ್ರವಾಗಿ ಬೇರೆ ಯೋಚನೆಯಲ್ಲಿ ಮುಳುಗಿದ್ದವರಲ್ಲಿ, ಅಪಘಾತಕ್ಕೆ ತಾನೇ ಕಾರಣನಾಗುವ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಿತ್ತು. ಕಣ್ಣು ರಸ್ತೆಯ ಮೇಲೆಯೇ ಇರುತ್ತದೆ, ಆದರೆ ಕಂಡದ್ದು ಮನಸ್ಸಿಗೆ ಮುಟ್ಟುವುದಿಲ್ಲ. ಎದುರಿನ ಬಸ್ಸಿನಂಥ ದೊಡ್ಡ ವಸ್ತು ಹೇಗೋ ಗಮನಕ್ಕೆ ಬರುತ್ತದೆ. ತಪ್ಪಿಹೋಗುವುದು ಬದಿಯಿಂದ ಬರುವ ಸ್ಕೂಟರ್, ರಸ್ತೆ ದಾಟಲು ನಿಂತ ಮುದುಕಿ, ಕೆಲಸ ನಡೆಯುವಲ್ಲಿ ಇಟ್ಟ ಡೈವರ್ಶನ್ ಬೋರ್ಡು.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಬ್ರೇಕ್ ತುಳಿಯುವುದು ಒಂದು ಸೆಕೆಂಡ್ ತಡವಾದರೆ ಸಣ್ಣ ಕಾರು ನಾಲ್ಕು ಸಾಲಾಗಿ ನಿಲ್ಲುವಷ್ಟು ಜಾಗ ಹೋಯಿತು. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೂ ಗಾಡಿ ನಿಲ್ಲಲು ಬೇಕಾಗುವ ದೂರ ಹೆಚ್ಚು. ಅದು ಈ 17 ಮೀಟರಿನ ಮೇಲೆ ಮತ್ತೆ ಸೇರುವ ಲೆಕ್ಕ.

ಸುದ್ದಿ ಹೇಳುವವರ ಜವಾಬ್ದಾರಿ

ಎಲ್ಲಕ್ಕಿಂತ ಸುಲಭವಾಗಿ ತಪ್ಪಿಸಬಹುದಾದ ಅಪಾಯ ಇಲ್ಲಿದೆ. ಯಾರಿಗೇ ಆಗಲಿ ಕೆಟ್ಟ ಸುದ್ದಿ ಹೇಳಲು ಫೋನು ಮಾಡಿದಾಗ ಮೊದಲ ಮಾತು "ಎಲ್ಲಿದ್ದೀಯ, ಗಾಡಿ ಬಿಡ್ತಾ ಇದ್ದೀಯಾ?" ಎಂದಿರಬೇಕು. ಹೌದೆಂದರೆ ಧ್ವನಿ ಏರಿಸದೆ, "ಒಂದು ವಿಷಯ ಮಾತಾಡ್ಲಿಕ್ಕುಂಟು, ಬದಿಗೆ ಹಾಕಿ ನೀನೇ ಫೋನ್ ಮಾಡು" ಎಂದಷ್ಟೇ ಹೇಳಿ ಇಟ್ಟುಬಿಡಬೇಕು. ಮಾತು ಎಳೆದರೆ ಧ್ವನಿಯಿಂದಲೇ ಗೊತ್ತಾಗಿಬಿಡುತ್ತದೆ. ಅವರು ತಿರುಗಿ ಫೋನು ಮಾಡಿದಾಗ ಗಾಡಿ ನಿಂತಿದೆಯೇ, ಇಂಜಿನ್ ಆಫ್ ಆಗಿದೆಯೇ, ಹತ್ತಿರ ಯಾರಿದ್ದಾರೆ ಎಂದು ಕೇಳಿಕೊಂಡೇ ಮುಂದಿನದು.

ಸಾಧ್ಯವಿದ್ದರೆ ಅವರಿಗೆ ನೇರ ಫೋನು ಮಾಡುವುದೇ ಬೇಡ. ಅವರ ಜೊತೆ ಕೆಲಸ ಮಾಡುವವರಿಗೋ ಪಕ್ಕದ ಅಂಗಡಿಯವರಿಗೋ ಮೊದಲು ತಿಳಿಸಿ, ಒಬ್ಬರು ಬಳಿಯಲ್ಲಿ ನಿಂತ ಮೇಲೆ ಸುದ್ದಿ ಮುಟ್ಟಿಸಿ. ಅದಕ್ಕೆ ಹತ್ತು ನಿಮಿಷ ತಡವಾದರೆ ಏನೂ ಕೆಡುವುದಿಲ್ಲ. ಕುಟುಂಬದ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿ "ಓಂ ಶಾಂತಿ" ಬರೆಯುವುದಂತೂ ಹತ್ತಿರದವರೆಲ್ಲರಿಗೂ ಸುದ್ದಿ ಮುಟ್ಟಿದ ಮೇಲೆಯೇ. ಬೈಕಿನಲ್ಲಿ ಹೋಗುತ್ತಿರುವ ಮಗ ಸಿಗ್ನಲ್‌ನಲ್ಲಿ ನಿಂತು ಮೊಬೈಲ್ ನೋಡಿ ಅಪ್ಪ ಹೋದದ್ದನ್ನು ತಿಳಿಯುವಂತಾಗಬಾರದು.

"ಸೀರಿಯಸ್" ಎಂದು ಸುಳ್ಳು ಹೇಳಿ ಕರೆಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಉಂಟು. ಸಾವಾಗಿದೆ ಎಂದರೆ ಆಘಾತವಾದೀತು ಎಂಬ ಕಾಳಜಿಯಿಂದ ಹಾಗೆ ಮಾಡುತ್ತಾರೆ. ಆದರೆ ಕೇಳಿದವನು ಕೊನೆಯ ಉಸಿರಿಗೆ ಮುಂಚೆ ಮುಟ್ಟಬೇಕೆಂದು ಹಾರಿಬಿದ್ದು ಓಡುತ್ತಾನೆ. ವೇಗಕ್ಕೆ ಕಾರಣ ಕೊಟ್ಟವರು ನಾವೇ. ಅವನು ಗಾಡಿಯಲ್ಲಿ ಇಲ್ಲದಾಗ, ಪಕ್ಕದಲ್ಲಿ ಯಾರೋ ಇದ್ದಾಗ, ನಿಜವನ್ನೇ ಹೇಳುವುದು ಹೆಚ್ಚು ಸುರಕ್ಷಿತ. "ಇನ್ನು ಅವಸರ ಇಲ್ಲ, ನೀನು ಬಾರದೆ ಏನೂ ಮಾಡುವುದಿಲ್ಲ" ಎಂಬ ಮಾತನ್ನೂ ಕೂಡಲೇ ಸೇರಿಸಿ. ಆ ಭರವಸೆ ಸಿಕ್ಕಿದರೆ ಎಷ್ಟೋ ಜನ ತಾವಾಗಿಯೇ ಕೀ ಕೆಳಗಿಡುತ್ತಾರೆ.

ಕೀ ಹೇಗೆ ತೆಗೆದುಕೊಳ್ಳುವುದು

"ನಿನಗೆ ಗಾಡಿ ಬಿಡಲಿಕ್ಕೆ ಆಗ್ತದಾ?" ಎಂದು ಕೇಳಬೇಡಿ. ಆಗುತ್ತದೆ ಎಂಬ ಉತ್ತರ ತಯಾರಾಗಿಯೇ ಇರುತ್ತದೆ. "ಭಾವ, ಕೀ ಕೊಡಿ, ನಾನು ಬಿಡ್ತೇನೆ, ನೀವು ಹಿಂದೆ ಅತ್ತೆಯ ಹತ್ತಿರ ಕೂತ್ಕೊಳ್ಳಿ" ಎಂದು ಅವರಿಗೊಂದು ಕೆಲಸ ಒಪ್ಪಿಸಿ. ಅತ್ತೆಯನ್ನು ನೋಡಿಕೊಳ್ಳುವುದು, ಆಸ್ಪತ್ರೆಗೆ ಫೋನು ಮಾಡುವುದು, ಫೈಲು ಹಿಡಿದುಕೊಳ್ಳುವುದು ಯಾವುದೂ ಆದೀತು. ಕೈಗೆ ಕೆಲಸ ಸಿಕ್ಕಿದವರು ವಾದ ಮಾಡುವುದು ಕಡಿಮೆ.

ಬೇರೆಯವರ ಕಾರು ಬಿಟ್ಟರೆ ಇನ್ಶೂರೆನ್ಸ್ ಸಿಗುವುದಿಲ್ಲ ಎಂದು ಹಿಂಜರಿಯುವವರಿದ್ದಾರೆ. ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ, ಮಾಲೀಕರ ಒಪ್ಪಿಗೆಯಿಂದ ಓಡಿಸುವ, ಸರಿಯಾದ ಲೈಸೆನ್ಸ್ ಇರುವ ಯಾರಿಗೂ ರಕ್ಷಣೆ ಅನ್ವಯಿಸುತ್ತದೆ. ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಅಷ್ಟೇ.

ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಈ ವ್ಯವಸ್ಥೆಯನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು. ರಾತ್ರಿ ಕರೆದರೂ ಬರುವ ಮೂವರು ಚಾಲಕರ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಮೊಬೈಲಿನಲ್ಲಿ ಇದ್ದರೆ ಆ ಗಡಿಬಿಡಿಯಲ್ಲಿ ಹೆಸರೇ ನೆನಪಾಗುವುದಿಲ್ಲ. ಮೂವರಲ್ಲಿ ಒಬ್ಬರಾದರೂ ಪೇಟೆಯ ಟ್ಯಾಕ್ಸಿಯವರಾಗಿರಲಿ, ಅವರ ಗಾಡಿಗೆ ಕರ್ನಾಟಕಕ್ಕೆ ಹೋಗುವ ಪರ್ಮಿಟ್ ಉಂಟೇ ಎಂದು ಮುಂಚೆಯೇ ಕೇಳಿಟ್ಟುಕೊಳ್ಳಿ. ಹಗಲಾದರೆ ಕಾಸರಗೋಡು–ಮಂಗಳೂರು ನಡುವೆ ಎರಡೂ ರಾಜ್ಯಗಳ ಸರಕಾರಿ ಬಸ್ಸುಗಳು ಓಡುತ್ತವೆ, ರೈಲೂ ಇದೆ. ದುಃಖದಲ್ಲಿ ಬಸ್ಸು ಹತ್ತಿದರೆ ಮರ್ಯಾದೆ ಕಡಿಮೆ ಎಂಬ ಭಾವನೆ ಬೇಡ.

ಆಂಬ್ಯುಲೆನ್ಸಿನ ಬೆನ್ನು ಹಿಡಿಯಬೇಡಿ

ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ರೋಗಿಯನ್ನೋ ಮೃತದೇಹವನ್ನೋ ಹೊತ್ತ ಆಂಬ್ಯುಲೆನ್ಸಿನ ಹಿಂದೆ ಮನೆಯವರ ಕಾರು, ಅದರ ಹಿಂದೆ ಬೈಕುಗಳು ಅಂಟಿಕೊಂಡು ಓಡುವುದು ನಮ್ಮ ರಸ್ತೆಗಳಲ್ಲಿ ದಿನವೂ ಕಾಣುವ ನೋಟ. ಸೈರನ್ ಕೇಳಿ ಉಳಿದವರು ದಾರಿ ಬಿಡುವುದು ಆಂಬ್ಯುಲೆನ್ಸಿಗೆ. ಅದು ದಾಟಿದ ಕೂಡಲೇ ಅವರು ತಮ್ಮ ಲೇನಿಗೆ ಮರಳುತ್ತಾರೆ, ಸರಿಯಾಗಿ ಹಿಂದಿನ ಕಾರು ನುಗ್ಗುವ ಹೊತ್ತಿಗೆ. ಜಂಕ್ಷನಿನಲ್ಲಿ ಆಂಬ್ಯುಲೆನ್ಸಿಗೆ ನಿಂತ ಲಾರಿ ಅದರ ಬಾಲಕ್ಕೆ ಇನ್ನೊಂದು ಗಾಡಿ ಇದೆ ಎಂದು ನಿರೀಕ್ಷಿಸುವುದಿಲ್ಲ. ಮೇಲಾಗಿ ಆಂಬ್ಯುಲೆನ್ಸ್ ಎತ್ತರದ್ದು, ಅದರ ಮುಂದಿನ ರಸ್ತೆ ಹಿಂದಿನವರಿಗೆ ಕಾಣುವುದೇ ಇಲ್ಲ.

ಒಬ್ಬರು ಆಂಬ್ಯುಲೆನ್ಸಿನ ಒಳಗೆ ಕೂರಲಿ. ಆಸ್ಪತ್ರೆಯ ಹೆಸರು ಖಚಿತ ಮಾಡಿಕೊಂಡು, ಉಳಿದವರು ಹತ್ತು ನಿಮಿಷ ಬಿಟ್ಟು ಬೇರೆಯಾಗಿ ಹೊರಡಲಿ. ಅಲ್ಲಿ ಸಹಿ ಹಾಕಲು ಒಬ್ಬರು ಸಾಕು.

ಬೇರೆ ದಾರಿಯೇ ಇಲ್ಲ, ತಾನೇ ಬಿಡಬೇಕು ಎಂದಾದರೆ

ಒಂಟಿ ಮನೆ, ನಡುರಾತ್ರಿ, ಯಾರೂ ಫೋನು ಎತ್ತುವುದಿಲ್ಲ. ಅಂಥ ಸಂದರ್ಭ ಇರುತ್ತದೆ. ಆಗ ಹೊರಡುವ ಮುಂಚಿನ ಕಾಲು ಗಂಟೆ ದಾರಿಯ ಒಂದು ಗಂಟೆಯಷ್ಟೇ ಮುಖ್ಯ. ಮುಖ ತೊಳೆಯಿರಿ, ಒಂದು ಲೋಟ ನೀರು ಕುಡಿಯಿರಿ, ಏನಾದರೂ ಎರಡು ತುತ್ತು ತಿನ್ನಿ. ಲೈಸೆನ್ಸಿಗೆ ಅರ್ಜಿ ಹಾಕುವಾಗ ಫಾರ್ಮ್ 1ರಲ್ಲಿ ಒಂದು ಪ್ರಶ್ನೆ ಇರುತ್ತದೆ: ಹಗಲಿನ ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಗುರುತಿಸಬಲ್ಲಿರಾ ಎಂದು. ಕಣ್ಣೀರು ತುಂಬಿದ ಕಣ್ಣಿಗೆ ಅದು ಆಗುವುದಿಲ್ಲ. ರಾತ್ರಿಯಲ್ಲಿ ಎದುರಿನ ಪ್ರತಿ ಹೆಡ್‌ಲೈಟೂ ಒಡೆದು ಹರಡುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ತೆಗೆದು ಕನ್ನಡಕ ಹಾಕಿಕೊಳ್ಳಬೇಕು.

ಅಭ್ಯಾಸದಿಂದ ಆಗುವ ಕೆಲಸಗಳೇ ಈ ಹೊತ್ತು ಕೈಕೊಡುತ್ತವೆ. ಹ್ಯಾಂಡ್‌ಬ್ರೇಕ್ ಬಿಡದೆ ಹೊರಡುವುದು, ಹೆಡ್‌ಲೈಟ್ ಹಾಕದಿರುವುದು, ಬೆಲ್ಟ್ ಮರೆಯುವುದು. ಹಾಗಾಗಿ ಒಂದೊಂದನ್ನೂ ಬಾಯಿ ಬಿಟ್ಟು ಹೇಳಿಕೊಂಡೇ ಮಾಡಿ: ಬೆಲ್ಟ್, ಕನ್ನಡಿ, ಲೈಟು, ವೈಪರ್, ಹ್ಯಾಂಡ್‌ಬ್ರೇಕ್. ಓಡಿಸುವಾಗಲೂ ಹಾಗೆಯೇ. "ಮುಂದೆ ಬಸ್ ನಿಂತಿದೆ, ಬಲಗಡೆ ಬೈಕು, ಈಗ ಇಳಿತ, ಎರಡನೇ ಗೇರ್" ಎಂದು ಗಟ್ಟಿಯಾಗಿ ಹೇಳುತ್ತಾ ಹೋದರೆ ಮನಸ್ಸು ರಸ್ತೆ ಬಿಟ್ಟು ದೂರ ಹೋಗಲಾರದು. ನುರಿತ ಚಾಲಕರಿಗೆ ತರಬೇತಿ ಕೊಡುವಾಗ ಬಳಸುವ ಕ್ರಮವೇ ಇದು. ಮಾತು ನಿಂತಿತೆಂದರೆ ಗಮನವೂ ಹೋಯಿತೆಂದು ತಿಳಿಯಿರಿ.

ರೂಢಿಯ ವೇಗಕ್ಕಿಂತ ಹತ್ತು ಹದಿನೈದು ಕಿ.ಮೀ. ಕಡಿಮೆ ಇರಲಿ. ಮುಂದಿನ ಗಾಡಿಗೂ ನಿಮಗೂ ಎರಡು ಸೆಕೆಂಡಿನ ಬದಲು ನಾಲ್ಕು ಸೆಕೆಂಡಿನ ಅಂತರ ಬೇಕು: ಅದು ಒಂದು ಕಂಬ ದಾಟಿದಾಗಿನಿಂದ ಎಣಿಸಿದರೆ ನೀವು ಆ ಕಂಬ ಮುಟ್ಟುವಾಗ ನಾಲ್ಕಾಗಿರಬೇಕು. ಓವರ್‌ಟೇಕ್ ಮಾಡುವುದನ್ನು ಪೂರ್ತಿ ಬಿಟ್ಟುಬಿಡಿ. ಎದುರಿನ ಗಾಡಿಯ ವೇಗ, ದೂರ, ತನ್ನ ಗಾಡಿಯ ಎಳೆತ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕುವ ಕೆಲಸ ಅದು. ಈ ಸ್ಥಿತಿಯಲ್ಲಿ ಆಗುವಂಥದ್ದಲ್ಲ. ಚೆರ್ಕಳ–ಜಾಲ್ಸೂರಿನಂಥ ತಿರುವು ತುಂಬಿದ ರಸ್ತೆಯಲ್ಲಿ ಲಾರಿಯ ಹಿಂದೆ ಕಾಯುವುದೇ ಒಳ್ಳೆಯದು.

ಆರು ಪಥದ 66ನೇ ರಾಷ್ಟ್ರೀಯ ಹೆದ್ದಾರಿಯ ಕಷ್ಟ ಬೇರೆ. ಇಳಿಯುವ ಜಾಗ ಒಮ್ಮೆ ತಪ್ಪಿದರೆ ಮುಂದಿನ ಅಂಡರ್‌ಪಾಸಿನವರೆಗೆ ಹೋಗಿ ತಿರುಗಬೇಕು. ಮನಸ್ಸು ಎಲ್ಲೋ ಇದ್ದವರಿಗೆ ತಪ್ಪುವುದು ಸಹಜ. ತಪ್ಪಿದರೆ ಹೋಗಲಿ ಎಂದು ಮುಂದೆ ಸಾಗಬೇಕೇ ಹೊರತು ರಿವರ್ಸ್ ಬರುವುದು, ಎದುರು ದಿಕ್ಕಿನಲ್ಲಿ ನುಗ್ಗುವುದು ಕೂಡದು. ಫೋನಿನಲ್ಲಿ ಮ್ಯಾಪ್ ಹಾಕಿ ಧ್ವನಿ ಇಡಿ, ಗೊತ್ತಿರುವ ದಾರಿಯಾದರೂ ಸರಿ. ಉಳಿದ ಕರೆಗಳೆಲ್ಲ ಬಂದ್. ಹಾಡು ಬೇಡ. ತೀರಿಕೊಂಡವರು ಇಷ್ಟಪಡುತ್ತಿದ್ದ ಭಾಗವತಿಕೆಯೋ ಭಜನೆಯೋ ಅಕಸ್ಮಾತ್ ಬಂದುಬಿಟ್ಟರೆ ಕೈ ಸಡಿಲಾಗಿಬಿಡುತ್ತದೆ.

ಅಳು ಅಲೆಯಾಗಿ ಬರುತ್ತದೆ. ಗಂಟಲು ಬಿಗಿಯುವುದು, ಉಸಿರು ಮೇಲೆ ಮೇಲೆ ಬರುವುದು, ಬೆರಳ ತುದಿ ಜುಮುಗುಟ್ಟುವುದು ಅದರ ಮುನ್ಸೂಚನೆ. ಆಗಲೇ ನಿಲ್ಲಿಸಬೇಕು, ಬಂದ ಮೇಲೆ ನಿಲ್ಲಿಸುತ್ತೇನೆಂದರೆ ತಡವಾಯಿತು. ಮೊದಲು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಕನ್ನಡಿ ನೋಡಿ ಎಡಗಡೆಯ ಇಂಡಿಕೇಟರ್ ಹಾಕಿ, ಮೆಲ್ಲಗೆ ಪೂರ್ತಿ ರಸ್ತೆಯಿಂದ ಹೊರಗೆ ತನ್ನಿ. ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನವನು ಬಂದು ಗುದ್ದುತ್ತಾನೆ. ಪೆಟ್ರೋಲ್ ಪಂಪು, ಬಸ್ ಬೇ, ಬೆಳಕಿರುವ ಅಂಗಡಿಯ ಎದುರು ಒಳ್ಳೆಯ ಜಾಗಗಳು. ತಿರುವಿನ ಒಳಗೆ, ಸೇತುವೆಯ ಮೇಲೆ, ಹೆದ್ದಾರಿಯ ಮುಖ್ಯ ಲೇನುಗಳಲ್ಲಿ ಬೇಡ. ಮಳೆಗಾಲದಲ್ಲಿ ಕೆಂಪು ಮಣ್ಣಿನ ರಸ್ತೆಬದಿ ಗಟ್ಟಿ ಕಂಡರೂ ಚಕ್ರ ಹೂತುಹೋಗುತ್ತದೆ, ಹುಲ್ಲು ಮುಚ್ಚಿದ ಚರಂಡಿ ಕಾಣುವುದೇ ಇಲ್ಲ. ಮುರಕಲ್ಲಿನ ಗುಡ್ಡ ಕಡಿದ ಬುಡದಲ್ಲಿಯೂ ನಿಲ್ಲಿಸಬಾರದು, ಮಳೆಗೆ ಜರಿಯುವ ಜಾಗ ಅದು. ನಿಂತ ಮೇಲೆ ಹ್ಯಾಂಡ್‌ಬ್ರೇಕ್, ನಾಲ್ಕೂ ಇಂಡಿಕೇಟರ್, ಇಂಜಿನ್ ಆಫ್, ಕೀ ಹೊರಗೆ. ಇಳಿಯುವುದಿದ್ದರೆ ಎಡಗಡೆಯ ಬಾಗಿಲಿನಿಂದ.

ಅಳು ತಡೆಯಬೇಡಿ, ಅತ್ತುಬಿಡಿ. ಅತ್ತು ಮುಗಿದ ಕೂಡಲೇ ಹೊರಡಲೂಬೇಡಿ. ಕೈ ನಡುಕ ನಿಂತು ಉಸಿರು ಹದಕ್ಕೆ ಬರಲು ಇಪ್ಪತ್ತರಿಂದ ಮೂವತ್ತು ನಿಮಿಷ ಕೊಡಿ. ಮೂಗಿನಿಂದ ಎಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಾಯಿಯಿಂದ ಬಿಟ್ಟರೆ ಬೆರಳಿನ ಜುಮುಗುಟ್ಟುವಿಕೆ ಇಳಿಯುತ್ತದೆ. ಈಗ ದಾಟಿ ಬಂದ ಎರಡು ಜಂಕ್ಷನ್ ಯಾವುವು ಎಂದು ನೆನಪಿಸಿ ನೋಡಿ. ನೆನಪಾಗದಿದ್ದರೆ ಗಾಡಿ ಅಲ್ಲೇ ಇರಲಿ, ಯಾರನ್ನಾದರೂ ಅಲ್ಲಿಗೇ ಕರೆಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಿಕ್ಕಿಬಿದ್ದರೆ ಸಹಾಯವಾಣಿ 1033ಕ್ಕೆ, ಬೇರೆಲ್ಲಿಯಾದರೂ ತುರ್ತು ಇದ್ದರೆ 112ಕ್ಕೆ ಫೋನು ಮಾಡಿ.

ಇದೆಲ್ಲ ಕಾರಿನವರಿಗೆ. ಬೈಕ್, ಸ್ಕೂಟರಿನವರಿಗೆ ಒಂದೇ ಮಾತು: ಬೇಡ. ಹೆಲ್ಮೆಟ್ಟಿನೊಳಗೆ ಅತ್ತರೆ ಗ್ಲಾಸು ಮಂಜಾಗುತ್ತದೆ, ಕಣ್ಣೊರೆಸಲು ಒಂದು ಕೈ ಬಿಡಬೇಕಾಗುತ್ತದೆ, ಎರಡು ಚಕ್ರದ ಮೇಲೆ ಸಮತೋಲಕ್ಕೇ ಪೂರ್ತಿ ಗಮನ ಬೇಕು. ಹಿಂದೆ ಕೂರುವುದೂ ಅಪಾಯವೇ, ತಲೆ ತಿರುಗಿದರೆ ಹಿಡಿತ ತಪ್ಪುತ್ತದೆ.

ಮರುದಿನ, ಮೂರನೇ ದಿನ, ಹನ್ನೊಂದನೇ ದಿನ

ಮೊದಲ ರಾತ್ರಿ ಎಲ್ಲರ ಕಣ್ಣೂ ದುಃಖಿಸುವವರ ಮೇಲಿರುತ್ತದೆ. ಆಮೇಲೆ ಯಾರೂ ನೋಡುವುದಿಲ್ಲ. ಹೇಳಿಕೆಗೆ ಹತ್ತು ಮನೆ ಸುತ್ತಬೇಕು, ಪುರೋಹಿತರನ್ನು ಕಾಣಬೇಕು, ಪಂಚಾಯತಿಗೆ ಮರಣ ನೋಂದಣಿಗೆ ಹೋಗಬೇಕು (21 ದಿನದೊಳಗೆ), ವಿಮಾನದಲ್ಲಿ ಬರುವ ತಮ್ಮನನ್ನು ಬಜಪೆಯಿಂದ ಕರೆತರಬೇಕು. ಎಲ್ಲಕ್ಕೂ ಓಡುವವನು ಅದೇ ಹಿರಿ ಮಗ. ಇಷ್ಟರಲ್ಲಿ ಅವನ ನಿದ್ದೆ ಎಷ್ಟಾಗಿದೆ? 17 ಗಂಟೆಯಿಂದ 19 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ 100 ಮಿ.ಲೀ.ಗೆ 50 ಮಿ.ಗ್ರಾಂ ಮದ್ಯವಿದ್ದವರಷ್ಟು ಇಳಿಯುತ್ತದೆ ಎಂದು ಪರೀಕ್ಷೆಗಳು ತೋರಿಸಿವೆ. ನಮ್ಮ ದೇಶದ ಕಾನೂನಿನ ಮಿತಿ 30 ಮಿ.ಗ್ರಾಂ. ರಾತ್ರಿಯಿಡೀ ಶವದ ಬಳಿ ಕೂತು, ಬೆಳಿಗ್ಗೆ ಸಂಸ್ಕಾರ ಮುಗಿಸಿ, ಸ್ನಾನ ಮಾಡಿ, ಮಧ್ಯಾಹ್ನ ಬೆಂಗಳೂರಿಗೋ ಮೈಸೂರಿಗೋ ಕಾರು ಹೊರಡಿಸುವ ನೆಂಟರಿಗೂ ಇದು ಅನ್ವಯ. ಮಧ್ಯಾಹ್ನ ಎರಡರಿಂದ ನಾಲ್ಕು, ಬೆಳಗಿನ ಜಾವ ಎರಡರಿಂದ ಆರು ನಿದ್ದೆ ಎಳೆಯುವ ಹೊತ್ತುಗಳು. ಅವರನ್ನು ನೆರೆಮನೆಯಲ್ಲಿ ಮಲಗಿಸಿ ಮರುದಿನ ಕಳುಹಿಸುವುದೇ ಸರಿಯಾದ ಉಪಚಾರ.

ಸಾವಾದ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ನೆರೆಕರೆಯವರು ಗಂಜಿ ತಂದರೂ ಕ್ರಿಯೆಗೆ ಕೂತವನು ಉಣ್ಣುವುದು ಕಡಿಮೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಊಟ ಬಿಟ್ಟು, ಸ್ಟೀರಿಂಗ್ ಹಿಡಿದರೆ ಸಕ್ಕರೆ ಅಂಶ ಕುಸಿದು ಕಣ್ಣು ಕತ್ತಲೆ ಬರುವುದು ದಾರಿಯ ನಡುವೆಯೇ. ನಿದ್ದೆ ಬರಲೆಂದು ಡಾಕ್ಟರು ಕೊಟ್ಟ ಅಲ್ಪ್ರಜೋಲಮ್‌ನಂಥ ಮಾತ್ರೆಯ ಮಂಪರು ಬೆಳಿಗ್ಗೆಯೂ ಉಳಿದಿರುತ್ತದೆ. ಮಾತ್ರೆ ತೆಗೆದುಕೊಳ್ಳುವ ದಿನಗಳಲ್ಲಿ ಗಾಡಿ ಬಿಡಬಹುದೇ ಎಂದು ಡಾಕ್ಟರನ್ನೇ ನೇರವಾಗಿ ಕೇಳಿ.

ಅಸ್ಥಿ ವಿಸರ್ಜನೆಯ ಪ್ರಯಾಣಕ್ಕೆ ಕ್ರಿಯೆ ಮಾಡುವವನು ಎಂದೂ ಚಾಲಕನಾಗಬಾರದು. ಉಪ್ಪಿನಂಗಡಿಯ ಸಂಗಮ ಹತ್ತಿರವಾಯಿತು, ಆದರೆ ಭಾಗಮಂಡಲಕ್ಕೆ ಪಾಣತ್ತೂರು–ಕರಿಕೆ ದಾರಿ ಹಿಡಿದರೆ ಅಗಲ ಕಿರಿದಾದ ಘಾಟಿ, ಸಂಪಾಜೆಯ ಮೇಲೆ ಹೋದರೂ ಘಾಟಿಯೇ. ಮಡಿಲಲ್ಲಿ ಅಸ್ಥಿ ಇಟ್ಟುಕೊಂಡವನು ಹಿಂದೆ ಕೂರಲಿ.

ತೀರಿಕೊಂಡವರ ಗಾಡಿಯನ್ನೇ ಬಳಸುವವರು ಸೀಟು, ಮೂರೂ ಕನ್ನಡಿಗಳನ್ನು ತಮ್ಮ ಅಳತೆಗೆ ಹೊಂದಿಸಿಕೊಳ್ಳಲೇಬೇಕು. ಅಪ್ಪ ಇಟ್ಟ ಹಾಗೆಯೇ ಇರಲಿ ಎಂದು ಕನ್ನಡಿ ಮುಟ್ಟದೆ ಓಡಿಸುವವರಿದ್ದಾರೆ. ಆ ಭಾವ ಅರ್ಥವಾಗುತ್ತದೆ, ಆದರೆ ಹಿಂದಿನ ರಸ್ತೆ ಕಾಣುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮ 56ರ ಪ್ರಕಾರ ವಾರಸುದಾರರು ಸಾವಾದ 30 ದಿನದೊಳಗೆ ಆರ್‌ಟಿಒಗೆ ತಿಳಿಸಿದರೆ ಮೂರು ತಿಂಗಳು ಆ ಗಾಡಿಯನ್ನು ಬಳಸಬಹುದು, ಅಷ್ಟರೊಳಗೆ ಫಾರ್ಮ್ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಇನ್ಶೂರೆನ್ಸ್ ಕಂಪನಿಗೂ ಆಗಲೇ ತಿಳಿಸಿ.

ಮತ್ತೆ ಸ್ಟೀರಿಂಗ್ ಹಿಡಿಯುವಾಗ ಮೊದಲು ಹಗಲಿನಲ್ಲಿ, ಪೇಟೆಗೆ ಹೋಗಿ ಬರುವಷ್ಟು ದೂರ, ಪಕ್ಕದಲ್ಲಿ ಗಾಡಿ ಬಿಡಲು ಬರುವ ಒಬ್ಬರನ್ನು ಕೂರಿಸಿಕೊಂಡು. ಅದು ಸರಿಹೋದರೆ ಒಬ್ಬರೇ, ಆಮೇಲೆ ರಾತ್ರಿ, ಕೊನೆಗೆ ಹೆದ್ದಾರಿ. ಆಸ್ಪತ್ರೆಯ ಎದುರಿನ ರಸ್ತೆ, ಅಪಘಾತವಾದ ತಿರುವು ಇವನ್ನು ಕೆಲವು ವಾರ ತಪ್ಪಿಸಿ ಬೇರೆ ದಾರಿ ಹಿಡಿದರೆ ತಪ್ಪೇನಿಲ್ಲ. ಮಾಸಿಕ, ವರ್ಷಾಂತಿಕದ ಆಸುಪಾಸಿನಲ್ಲಿ ಮನಸ್ಸು ಮತ್ತೆ ಕದಡುತ್ತದೆ, ಆ ದಿನಗಳಿಗೆ ಮೊದಲೇ ಚಾಲಕನನ್ನು ಗೊತ್ತುಮಾಡಿ. ತಿಂಗಳು ಕಳೆದರೂ ನಿದ್ದೆ ಬಾರದಿದ್ದರೆ, ಗಾಡಿ ಹತ್ತಿದ ಕೂಡಲೇ ಎದೆ ಹೊಡೆದುಕೊಂಡರೆ, ಅಥವಾ "ಎಲ್ಲಿಗಾದರೂ ಗುದ್ದಿದರೆ ಆಗ್ತಿತ್ತು" ಎಂಬ ಯೋಚನೆ ಒಮ್ಮೆ ಬಂದರೂ, ಕೀ ಮನೆಯವರಿಗೆ ಕೊಟ್ಟು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿ. ಕರೆಗೆ ಹಣ ಬೇಡ, ದಿನದ ಯಾವ ಹೊತ್ತಿನಲ್ಲೂ ಮಾಡಬಹುದು, ಭಾಷೆ ಆರಿಸುವಾಗ ಕನ್ನಡವೂ ಇದೆ. ಕೇರಳ ಸರಕಾರದ ದಿಶಾ ಸಹಾಯವಾಣಿಯ ನಂಬರು 1056.